ಕಿರಾತಕಡ್ಡಿ ಕಷಾಯದ ಪರೀಕ್ಷೆ

ಶಿರಸಿ ಸೀಮೆಯಲ್ಲಿ ಸುಳ್ಳು ಕಾಯಿಲೆಗೂ ಒಂದು ಹಂಗಾಮು ಉಂಟು. ಕೊನೆಗೌಡ ಮರ ಹತ್ತಿ ಅಡಿಕೆ ಕೊನೆ ಇಳಿಸಲು ಶುರು ಮಾಡಿದ, ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಸಾಲಾಗಿ ಕೂತವು ಅಂದರೆ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಸೊಂಟ ಹಿಡಿದೇ ಹಿಡಿಯುತ್ತದೆ. ಕಂಬಳಿ ಹೊದ್ದು ಮಲಗಿದವರ ಕಿವಿ ಮಾತ್ರ ಜಗಲಿಯ ಕಡೆಗೇ ಇರುತ್ತದೆ. ಮಾರನೇ ದಿನ ಪಕ್ಕದೂರಲ್ಲಿ ಯಕ್ಷಗಾನ ಇದ್ದರಂತೂ ಸೊಂಟ ಸಂಜೆಯೊಳಗೆ ತಾನಾಗಿಯೇ ಬಿಡುತ್ತದೆ.

ಇಂಥವರಿಗೆ ಕನ್ನಡ ಕೊಟ್ಟ ಹೆಸರು ಮೈಗಳ್ಳ. ಕದ್ದದ್ದು ಸ್ವಂತ ಮೈಯನ್ನೇ ಆದ್ದರಿಂದ ಪೊಲೀಸ್ ಕೇಸೂ ಆಗುವುದಿಲ್ಲ. ವೈದ್ಯರು ಇದನ್ನು ಮ್ಯಾಲಿಂಗರಿಂಗ್ ಅನ್ನುತ್ತಾರೆ: ಕಾಯಿಲೆ ಇಲ್ಲವೆಂದು ಗೊತ್ತಿದ್ದೂ, ರಜೆ, ದುಡ್ಡು, ಕೆಲಸದಿಂದ ಬಿಡುಗಡೆ ಹೀಗೆ ಹೊರಗಿನ ಒಂದು ಲಾಭಕ್ಕೆ ಕಾಯಿಲೆಯ ವೇಷ ಹಾಕುವುದು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಮನೋರೋಗಗಳ ಕೈಪಿಡಿ ಇದನ್ನು ರೋಗವೆಂದೇ ಒಪ್ಪುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಇದಕ್ಕೆ ಮದ್ದಿಲ್ಲ. ಮನೆಯಲ್ಲಿ ಉಂಟು. ಒಂದು ಹಿಡಿ ಕಿರಾತಕಡ್ಡಿ ಎಂಬ ಕಡುಕಹಿ ಗಿಡ, ನಾಲ್ಕು ಲೋಟ ನೀರು, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿ. ಬೆಲ್ಲ ಹಾಕಬಾರದು. ಬೆಲ್ಲ ಹಾಕಿದರೆ ಪರೀಕ್ಷೆ ಕೆಡುತ್ತದೆ.

ಆಯಿ ಹಾಸಿಗೆಯ ಹತ್ತಿರ ಕೂತು ‘ಎಂತ ಆತೋ ತಮಾ?’ ಎಂದು ಲೋಟ ಮುಂದೆ ಹಿಡಿದಾಗ ಮೈಗಳ್ಳ ಲೆಕ್ಕ ಹಾಕುತ್ತಾನೆ: ಈ ಕಹಿ ಹೆಚ್ಚೋ, ಶಾಲೆಯ ಗಣಿತದ ಪರೀಕ್ಷೆ ಹೆಚ್ಚೋ? ಲೆಕ್ಕ ಹಾಕಿದ ಅಂದರೆ ಅರ್ಧ ಸಿಕ್ಕಿಬಿದ್ದ ಹಾಗೆ. ಉಳಿದರ್ಧಕ್ಕೆ ಅಡುಗೆಮನೆಯಲ್ಲಿ ತೊಡೆದೇವು ಎಂಬ ಸಿಹಿ ಎರೆಯುವ ವಾಸನೆ ಸಾಕು. ನಿಜವಾಗಿ ಜ್ವರ ಬಂದ ಮಗುವಿಗೆ ತೊಡೆದೇವೂ ಬೇಡ, ಗಂಜಿಯ ಜೊತೆ ಅಪ್ಪೆಮಿಡಿಯೂ ಬೇಡ.

ಸುಳ್ಳು ಜ್ವರ ಬರಿಸುವುದು ಹೇಳಿದಷ್ಟು ಸುಲಭವಲ್ಲ. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಬಿಸಿಯಾಗುತ್ತದೆ ಎಂಬುದು ಶಾಲೆಯಿಂದ ಶಾಲೆಗೆ ಹಬ್ಬಿದ ವಿದ್ಯೆ. ಬಿಸಿಯಾಗುವುದಿಲ್ಲ, ನಾರುತ್ತದೆ. ಈರುಳ್ಳಿ ಒಳಗೇ ಬಾರದ ಹವ್ಯಕರ ಹಳೇ ಮನೆಗಳಲ್ಲಂತೂ ಜ್ವರಕ್ಕಿಂತ ದೊಡ್ಡ ಪ್ರಕರಣ ಅದೇ ಆಗುತ್ತದೆ. ಇನ್ನು ಥರ್ಮಾಮೀಟರನ್ನು ಬಿಸಿ ಚಹದಲ್ಲಿ ಅದ್ದುವುದು. ಪಾದರಸದ ಥರ್ಮಾಮೀಟರಿನ ಅಳತೆ ಮುಗಿಯುವುದೇ 42 ಡಿಗ್ರಿ ಸೆಲ್ಸಿಯಸ್ಸಿಗೆ, ಅಂದರೆ ಸುಮಾರು 108 ಫ್ಯಾರನ್‌ಹೀಟಿಗೆ, ಚಹ ಅದಕ್ಕಿಂತ ಎಷ್ಟೋ ಬಿಸಿ. ಪಾದರಸ ತುದಿ ಮುಟ್ಟುತ್ತದೆ, ಗಾಜು ಒಡೆಯಲೂಬಹುದು. ಬುಡದ ಹತ್ತಿರ ಕೊಳವೆ ಕಿರಿದಾಗಿರುವುದರಿಂದ ಏರಿದ್ದು ತಾನಾಗಿ ಇಳಿಯುವುದೂ ಇಲ್ಲ, ಕೊಡವಿಯೇ ಇಳಿಸಬೇಕು. ಹೀಗಾಗಿ ಹಾಸಿಗೆಯಲ್ಲಿ ಕೂತು ಚಕ್ಕುಲಿ ತಿನ್ನುತ್ತಿರುವ ಹುಡುಗನಿಗೆ 108 ಡಿಗ್ರಿ ಫ್ಯಾರನ್‌ಹೀಟ್ ಜ್ವರ.

ವೈದ್ಯರು ಥರ್ಮಾಮೀಟರನ್ನು ನಂಬದಿದ್ದರೆ ಮಣಿಕಟ್ಟು ಹಿಡಿಯುತ್ತಾರೆ. ಜ್ವರ ಏರಿದರೆ ನಾಡಿಯೂ ಏರಬೇಕು. 104 ಡಿಗ್ರಿ ಜ್ವರದಲ್ಲಿ ನಾಡಿ ಆರಾಮಾಗಿ 70 ಹೊಡೆಯುತ್ತಿದ್ದರೆ ಸಂಶಯ. ಆಗ ಆಗಷ್ಟೇ ಮಾಡಿದ ಮೂತ್ರದ ಬಿಸಿ ಅಳೆಯುವುದೂ ಉಂಟು. ಅದು ಹೊಟ್ಟೆಯೊಳಗಿನ ಉಷ್ಣತೆಯನ್ನೇ ಹೇಳುತ್ತದೆ, ಚಹದ್ದನ್ನಲ್ಲ. ಆದರೆ ನಾಡಿ ನಿಧಾನ ಅಂದ ಮಾತ್ರಕ್ಕೆ ಬೈದು ಎಬ್ಬಿಸುವ ಹಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸಿದ್ದಾಪುರದಲ್ಲೂ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಜ್ವರ ಸುಡುತ್ತಿದ್ದರೂ ನಾಡಿ ನಿಧಾನವಾಗಿರಬಹುದು. ಟೈಫಾಯಿಡ್‌ನಲ್ಲೂ ಹಾಗೇ. ಸುಗ್ಗಿಯೂ ಮಂಗನ ಕಾಯಿಲೆ ಹರಡುವ ಉಣುಗಿನ ಕಾಲವೂ ಒಟ್ಟಿಗೇ ಬರುವ ಊರಲ್ಲಿ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದವನು ಜ್ವರ ಅಂದರೆ ಕಷಾಯದ ಪರೀಕ್ಷೆ ಬಿಟ್ಟು ರಕ್ತ ಪರೀಕ್ಷೆ ಮಾಡಿಸಬೇಕು.

ಹೊಟ್ಟೆನೋವು ಮೈಗಳ್ಳರ ಮನೆದೇವರು. ತೋರಿಸುವ ಗುರುತು ಏನೂ ಬೇಕಿಲ್ಲವಲ್ಲ. ವೈದ್ಯರಿಗೂ ಇಲ್ಲೊಂದು ಉಪಾಯ ಇದೆ. ಕೈಯಿಂದ ಒತ್ತಿದರೆ ಅಯ್ಯೋ ಅನ್ನುವವನ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಸದ್ದು ಕೇಳುವ ನೆಪದಲ್ಲಿ ಅಷ್ಟೇ ಬಲವಾಗಿ ಒತ್ತುತ್ತಾರೆ. ಮೈಗಳ್ಳ ಆಗ ಫ್ಯಾನು ನೋಡುತ್ತಿರುತ್ತಾನೆ. ಅಪೆಂಡಿಕ್ಸಿನ ನೋವಿಗೆ ಸಾಮಾನ್ಯವಾಗಿ ಒಂದು ದಾರಿ ಇರುತ್ತದೆ: ಹೊಕ್ಕುಳ ಸುತ್ತ ಶುರುವಾಗಿ ಕೆಲವು ತಾಸಿನಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ, ಹಸಿವು ಸಾಯುತ್ತದೆ, ಕೆಮ್ಮಿದರೆ ಚುಚ್ಚುತ್ತದೆ. ಇಂಗ್ಲೆಂಡಿನ ವೈದ್ಯರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಗೆ ಬರುವಾಗ ರಸ್ತೆ ಉಬ್ಬು ದಾಟಿದ ರೋಗಿಗಳಲ್ಲಿ 34 ಮಂದಿಗೆ ಅಪೆಂಡಿಕ್ಸಿನ ಉರಿಯೂತ ಖಚಿತವಾಯಿತು. ಅವರಲ್ಲಿ 33 ಮಂದಿಗೆ ಉಬ್ಬಿನ ಮೇಲೆ ನೋವು ಜೋರಾಗಿತ್ತು. ನೋವಾದವರೆಲ್ಲರಿಗೂ ಅಪೆಂಡಿಕ್ಸಿನ ಉರಿಯೂತ ಇರಲಿಲ್ಲ, ಆದರೆ ಉಬ್ಬು ದಾಟಿದರೂ ಏನೂ ಆಗದವರಿಗೆ ಅದು ಇರುವ ಸಂಭವ ತೀರಾ ಕಡಿಮೆ. ಅವರಿಗೆ ರಸ್ತೆ ಉಬ್ಬು ಹುಡುಕಬೇಕಾಯಿತು. ನಮಗೆ ಆ ತಾಪತ್ರಯ ಇಲ್ಲ. ಕುಮಟಾಕ್ಕೆ ಹೊರಟು ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಹೊಂಡಗಳೇ ಅರ್ಧ ತಪಾಸಣೆ ಮುಗಿಸುತ್ತವೆ.

ಕಷಾಯದ ಲೋಟವನ್ನು ಈಗ ಇನ್ನೊಬ್ಬರ ಮುಂದೆ ಹಿಡಿಯಿರಿ. ಇವರು ಗಟಗಟ ಕುಡಿದು, ‘ಇದರಿಂದ ಏನೂ ಆಗುವುದಿಲ್ಲ, ಆಪರೇಷನ್ನೇ ಆಗಬೇಕು’ ಅನ್ನುತ್ತಾರೆ. ರಜೆ ಬೇಡ, ಪರಿಹಾರದ ದುಡ್ಡು ಬೇಡ, ರೋಗಿ ಅನ್ನಿಸಿಕೊಂಡರೆ ಸಾಕು. ಸೂಜಿ ಚುಚ್ಚಿಕೊಂಡು ಗಾಯ ಕೀವಾಗಿಸುವುದು, ಮೂತ್ರಕ್ಕೆ ರಕ್ತದ ಹನಿ ಬೆರೆಸುವುದು, ಸಕ್ಕರೆ ಕಾಯಿಲೆ ಇಲ್ಲದೆಯೂ ಇನ್ಸುಲಿನ್ ಹಾಕಿಕೊಳ್ಳುವುದು, ಇಲ್ಲಿಯವರೆಗೂ ಹೋಗುತ್ತಾರೆ. ಇದು ಫ್ಯಾಕ್ಟಿಷಿಯಸ್ ಡಿಸಾರ್ಡರ್, ನಿಜವಾದ ಮನೋರೋಗ. ಇದರ ತೀವ್ರ ರೂಪಕ್ಕೆ 1951ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಮಂಚೌಸನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಮಂಚೌಸನ್ ಹದಿನೆಂಟನೇ ಶತಮಾನದ ಜರ್ಮನ್ ಜಮೀನುದಾರ, ಬುರುಡೆ ಬಿಡುವುದರಲ್ಲಿ ಎತ್ತಿದ ಕೈ. ಮೈಗಳ್ಳ ಯಕ್ಷಗಾನದ ವೇಷಧಾರಿಯ ಹಾಗೆ ಆಟ ಮುಗಿದ ಮೇಲೆ ಚೌಕಿಗೆ ಹೋಗಿ ಬಣ್ಣ ತೊಳೆದುಕೊಳ್ಳುತ್ತಾನೆ. ಇವರು ಬೆಳಗಾದರೂ ಕಿರೀಟ ಬಿಚ್ಚುವುದಿಲ್ಲ.

ಇವರ ಲಕ್ಷಣಗಳಲ್ಲಿ ಒಂದು, ದಪ್ಪ ಫೈಲು ಹಿಡಿದು ಊರಿಂದೂರಿಗೆ ಆಸ್ಪತ್ರೆ ಸುತ್ತುವುದು. ಈ ಲಕ್ಷಣವನ್ನು ನಮ್ಮ ಜಿಲ್ಲೆಗೆ ಹಚ್ಚಲು ಹೋಗಬೇಡಿ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲ ಮಂಗಳೂರಿಗೆ ಫೈಲು ಹಿಡಿದು ಓಡುವುದು ದೊಡ್ಡ ಆಸ್ಪತ್ರೆ ಹತ್ತಿರ ಇಲ್ಲದ್ದಕ್ಕೆ. ಹಾಗೆ ನೋಡಿದರೆ ಇಡೀ ಉತ್ತರ ಕನ್ನಡಕ್ಕೇ ಮಂಚೌಸನ್ ಬಂದಿದೆ ಅನ್ನಬೇಕಾದೀತು.

ಮೂರನೆಯವರ ವಿಷಯದಲ್ಲಿ ಊರು ಮಾಡುವ ತಪ್ಪು ದೊಡ್ಡದು. ಬೆಳಗ್ಗೆ ಏಳುತ್ತಾರೆ, ಎಡಗಾಲು ಬರುವುದಿಲ್ಲ. ಕಷಾಯ ಕುಡಿಯುತ್ತಾರೆ, ಆಗಲೂ ಬರುವುದಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲ. ಅಲ್ಲಿಗೆ ಊರು ‘ಎಲ್ಲ ನಾಟಕ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಬಾರದ ಕಾಲಿನ ಹಿಮ್ಮಡಿಯ ಅಡಿ ಅಂಗೈ ಇಟ್ಟು ‘ಕೆಳಗೆ ಒತ್ತಿ’ ಅನ್ನುತ್ತಾರೆ. ಒತ್ತಲಾಗುವುದಿಲ್ಲ. ಆಮೇಲೆ ಆ ಕೈ ಅಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ಸರಿಯಿರುವ ಕಾಲನ್ನು ತಡೆಹಿಡಿದು ‘ಇದನ್ನು ಮೇಲೆತ್ತಿ’ ಅನ್ನುತ್ತಾರೆ. ಆಗ ಬಾರದ ಕಾಲಿನ ಹಿಮ್ಮಡಿ ತಾನಾಗಿ ಅಂಗೈಯನ್ನು ಒತ್ತುತ್ತದೆ. ಇದು 1908ರಲ್ಲಿ ಹೂವರ್ ಎಂಬ ವೈದ್ಯರು ಹೇಳಿದ ಗುರುತು. ‘ನೋಡಿ, ಸಿಕ್ಕಿಬಿದ್ದ!’ ಅನ್ನಬೇಡಿ. ಕಾಲಿನ ನರ, ಸ್ನಾಯು ಗಟ್ಟಿಯಿವೆ, ಬೇಕೆಂದು ಕರೆದಾಗ ಮಾತ್ರ ಓಗೊಡುತ್ತಿಲ್ಲ ಎಂದಷ್ಟೇ ಇದರ ಅರ್ಥ. ಭಾಗವತರ ಕಂಠ ಸರಿಯಿದೆ, ಮದ್ದಳೆ ಸರಿಯಿದೆ, ವೇಷಧಾರಿಯ ಕಾಲೂ ಸರಿಯಿದೆ, ತಾಳ ತಪ್ಪಿದೆ. ಮದ್ದಳೆ ಬಿಚ್ಚಿ ಒಳಗೆ ನೋಡಿದರೆ ಏನು ಸಿಕ್ಕೀತು? ಇದಕ್ಕೆ ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್ ಎಂದು ಹೆಸರು. ಇಲ್ಲಿ ಸೋಗಿಲ್ಲ. ಈಗಿನ ವೈದ್ಯರು ಈ ಹಿಮ್ಮಡಿಯ ಕೆಲಸವನ್ನು ರೋಗಿಗೇ ತೋರಿಸಿ, ‘ಕಾಲಿಗೆ ಶಕ್ತಿ ಉಂಟು, ದಾರಿ ಹಿಡಿಸೋಣ’ ಎಂದು ಫಿಸಿಯೋಥೆರಪಿ ಶುರು ಮಾಡುತ್ತಾರೆ. ಬೈದರೆ ಕಾಲು ಇನ್ನಷ್ಟು ಮೊಂಡು ಹಿಡಿಯುತ್ತದೆ.

ಕೊನೆಯವರು ಸುಳ್ಳೂ ಹೇಳುವುದಿಲ್ಲ, ಹೇಳಿಕೊಳ್ಳುವಂಥ ನೋವೂ ಇರುವುದಿಲ್ಲ, ಹೆದರಿಕೆಯೊಂದು ಬಿಟ್ಟು. ಆರು ತಿಂಗಳು ಮೀರಿ ‘ನನಗೇನೋ ದೊಡ್ಡ ರೋಗ ಇದೆ’ ಎಂಬ ಭಯ ಬಿಡದಿದ್ದರೆ ಅದು ಇಲ್‌ನೆಸ್ ಆಂಗ್ಸೈಟಿ. ರಿಪೋರ್ಟ್ ನಾರ್ಮಲ್ ಬಂದರೆ ಮೈಗಳ್ಳ ಮುಖ ಚಿಕ್ಕದು ಮಾಡುತ್ತಾನೆ, ಇವರು ಲ್ಯಾಬನ್ನೇ ಸಂಶಯಿಸುತ್ತಾರೆ. ಇವರ ಮುಂದೆ ಕಷಾಯದ ಲೋಟ ಇಟ್ಟು ನೋಡಿ. ಅರ್ಧ ಕುಡಿದು, ಕಹಿ ಸ್ವಲ್ಪ ಕಡಿಮೆ ಅನ್ನಿಸಿತಲ್ಲ, ನಾಲಗೆಯ ನರವೇ ಹೋಯಿತೋ ಏನೋ ಎಂದು ಮೊಬೈಲ್ ತೆಗೆಯುತ್ತಾರೆ. ಉಳಿದರ್ಧ ಆರುತ್ತಾ ಕೂತಿರುತ್ತದೆ, ಅವರು ‘ಕಿರಾತಕಡ್ಡಿ, ಲಿವರ್, ಅಡ್ಡ ಪರಿಣಾಮ’ ಎಂದು ಹುಡುಕುತ್ತಿರುತ್ತಾರೆ.