ನನ್ನ ಕಟ್ಟಡ ಮತ್ತೆ ಸಮುದ್ರದ ಪಾಲಾಯಿತು

ಇಂದು ಬೆಳಿಗ್ಗೆ ರಸ್ತೆ ಮತ್ತು ಒಳಚರಂಡಿ ವಿನ್ಯಾಸ ತಂಡದವರು ಕಳಿಸಿದ ಸ್ಕ್ರೀನ್‌ಶಾಟ್ ತೆರೆದರೆ, ಮೂರು ವಾರ ಕೂತು ಸಿದ್ಧಪಡಿಸಿದ ನಮ್ಮ ನಾಲ್ಕು ಮಹಡಿಯ ಕಟ್ಟಡದ ಮೂರು ಆಯಾಮದ ಕಂಪ್ಯೂಟರ್ ಮಾಡೆಲ್ ಅಕ್ಷಾಂಶ 0, ರೇಖಾಂಶ 0 ಎಂಬಲ್ಲಿ, ಅಂದರೆ ಆಫ್ರಿಕಾದ ಪಕ್ಕದ ಗಿನಿ ಕೊಲ್ಲಿಯ ನೀರಿನ ನಡುವೆ ನಿಂತಿತ್ತು. ಕೆಳಗೆ ಒಂದೇ ಸಾಲು: “ನೀವು ಮಾಡೆಲ್‌ಗೆ ನಿರ್ದೇಶಾಂಕಗಳನ್ನೇ ಕೊಟ್ಟಿಲ್ಲವೇ?” ಕೊಟ್ಟಿದ್ದೇನೆ ಸ್ವಾಮಿ, ಕೊಟ್ಟಿದ್ದೇನೆ! ಸರ್ವೆಯವರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದಿ ತುಂಬಿದ್ದೇನೆ. ಸಾಫ್ಟ್‌ವೇರ್ ಅವನ್ನು ಪರದೆಯ ಮೇಲೆ ಸರಿಯಾಗಿಯೇ ತೋರಿಸುತ್ತದೆ. ಎಕ್ಸ್‌ಪೋರ್ಟ್ ಗುಂಡಿ ಒತ್ತಿದಾಗ ಮಾತ್ರ ಅದಕ್ಕೆ ಮರೆವು ಕವಿಯುತ್ತದೆ.

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಕಟ್ಟಡದ ಮಾಡೆಲ್ ಸಾಗಿಸುವ ಐಎಫ್‌ಸಿ ಫೈಲ್ ಬರೀ ಅಕ್ಷರಗಳ ಕಡತವಾಗಿರುವುದು ಪುಣ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದು ಹುಡುಕಿದೆ. ನಿವೇಶನದ ಸಾಲಿನಲ್ಲಿ ಡಿಗ್ರಿ, ನಿಮಿಷ, ಸೆಕೆಂಡುಗಳಿರಬೇಕಾದ ಜಾಗದಲ್ಲಿ (0,0,0) ಎಂದು ಎರಡು ಸಲ ಬರೆದಿತ್ತು. ನಕ್ಷೆಯ ನಿರ್ದೇಶಾಂಕಗಳನ್ನು ಹೊತ್ತೊಯ್ಯಲೆಂದೇ ಐಎಫ್‌ಸಿ 4ರಲ್ಲಿ ಮ್ಯಾಪ್ ಕನ್ವರ್ಷನ್ ಎಂಬ ವ್ಯವಸ್ಥೆಯಿದೆ. ಹಳೆಯ 2ಎಕ್ಸ್3 ಆವೃತ್ತಿಯಲ್ಲಿ ಅದು ಇರಲೇ ಇಲ್ಲ. ನಮ್ಮ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ನನ್ನನ್ನು ಒಂದು ಮಾತೂ ಕೇಳದೆ 2ಎಕ್ಸ್3ಕ್ಕೆ ಮರಳಿತ್ತು, ಹಿಡಿಸಲಾಗದ್ದನ್ನೆಲ್ಲ ಸದ್ದಿಲ್ಲದೆ ಕೈಬಿಟ್ಟಿತ್ತು, ಕೊನೆಗೆ ಹಸಿರು ಗುರುತು ಹಾಕಿ “ಎಕ್ಸ್‌ಪೋರ್ಟ್ ಯಶಸ್ವಿ” ಎಂದಿತ್ತು. ನನ್ನ ಹೊಟ್ಟೆ ಉರಿಯುವುದು ಆ ಹಸಿರು ಗುರುತನ್ನು ಕಂಡಾಗ. ಗೋಡೆಯೊಂದಕ್ಕೆ ಬಣ್ಣ ನಮೂದಿಸದಿದ್ದರೆ ಹಳದಿ ಪೆಟ್ಟಿಗೆ ತೋರಿಸಿ ಎಚ್ಚರಿಸುವ ಸಾಫ್ಟ್‌ವೇರ್‌ಗೆ, ಇಡೀ ಕಟ್ಟಡ ಭೂಮಿಯ ಮೇಲಿನ ತನ್ನ ಸ್ಥಾನವನ್ನೇ ಕಳೆದುಕೊಂಡಾಗ ಹೇಳಲು ಏನೂ ಇಲ್ಲವೇ?

ಸರಿ, ಐಎಫ್‌ಸಿ 4 ಆರಿಸಿ ಮತ್ತೆ ಕಳಿಸಿದೆ. ಈ ಸಲ ಕಟ್ಟಡ ನೆಲಕ್ಕೆ ಬಂತು, ಆದರೆ ತಿರುಗಿ ನಿಂತಿತ್ತು. ನಿಜವಾದ ಉತ್ತರ ದಿಕ್ಕನ್ನು ಒಂದು ಕಡೆ, ನಕ್ಷೆಯ ಗ್ರಿಡ್‌ಗೆ ಹೋಲಿಸಿದ ತಿರುವನ್ನು ಇನ್ನೊಂದು ಕಡೆ ಬರೆಯಲಾಗುತ್ತದೆ. ಆ ತಿರುವನ್ನೂ ಕೋನವಾಗಿ ಹೇಳದೆ ಎರಡು ದಶಮಾಂಶ ಸಂಖ್ಯೆಗಳಾಗಿ ಒಡೆದಿಡುತ್ತಾರೆ. ಆಚೆಯ ಸಾಫ್ಟ್‌ವೇರ್ ಉತ್ತರ ದಿಕ್ಕು, ಗ್ರಿಡ್ ತಿರುವು ಎರಡನ್ನೂ ಓದಿ ಎರಡನ್ನೂ ಅನ್ವಯಿಸಿದ್ದರಿಂದ ನಮ್ಮ 23 ಡಿಗ್ರಿ ಅಲ್ಲಿ 46 ಆಗಿತ್ತು. ನಮ್ಮಲ್ಲೇ ಸರ್ವೆ ಬಿಂದು, ಯೋಜನೆಯ ಬಿಂದು, ಆಂತರಿಕ ಮೂಲಬಿಂದು ಎಂದು ಮೂರು ಬಿಂದುಗಳಿದ್ದು, ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎಳೆದಾಡುತ್ತಿರುವಾಗ ಆಚೆಯವರನ್ನು ದೂರಿ ಫಲವೇನು? ಮಿಲಿಮೀಟರಿನಲ್ಲಿ ಬಿಡಿಸಿದ ಮಾಡೆಲ್‌ಗೆ 0.001 ಎಂದಿರಬೇಕಾದ ಪ್ರಮಾಣದ ಜಾಗದಲ್ಲಿ 1 ಎಂದು ಬಂದು ಕಟ್ಟಡ ಸಾವಿರ ಪಟ್ಟು ಹಿಗ್ಗಿದ ಹಳೆಯ ಕಥೆಯನ್ನು ಇಲ್ಲಿ ಎತ್ತುವುದಿಲ್ಲ.

ಇಷ್ಟಾದ ಮೇಲೆ ಸಹೋದ್ಯೋಗಿಯೊಬ್ಬರ ಸಲಹೆ: “ಮಾಡೆಲನ್ನೇ ಎಳೆದುಕೊಂಡು ಹೋಗಿ ನಿಜವಾದ ನಿರ್ದೇಶಾಂಕದ ಮೇಲಿಟ್ಟುಬಿಡಿ.” ಅದನ್ನೂ ಹಿಂದೊಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಉತ್ತರಾಂಕ, ಅಂದರೆ ನಕ್ಷೆಯ ಮೂಲದಿಂದ ಉತ್ತರಕ್ಕಿರುವ ದೂರ, 14 ಲಕ್ಷ ಮೀಟರ್ ಇರುವಲ್ಲಿ 32 ಬಿಟ್ ದಶಮಾಂಶ ಸಂಖ್ಯೆಯೊಂದು ಮುಂದಿನದಕ್ಕೆ ಜಿಗಿಯುವುದೇ 12.5 ಸೆಂಟಿಮೀಟರ್ ಅಂತರದಲ್ಲಿ. ಅಂಥ ಸಂಖ್ಯೆಗಳಿಂದ ಚಿತ್ರ ಬಿಡಿಸುವ ವೀಕ್ಷಕ ಸಾಫ್ಟ್‌ವೇರ್‌ನಲ್ಲಿ ಕಿಟಕಿಯ ಚೌಕಟ್ಟುಗಳು ಚಳಿಜ್ವರ ಬಂದಂತೆ ನಡುಗಿದವು, ಮೆಟ್ಟಿಲುಗಳ ಅಂಚು ಹಲ್ಲುಹಲ್ಲಾಗಿ ಕಂಡಿತು. ಆಗಲೂ ಬಂದ ಪ್ರಶ್ನೆ ನನ್ನ ಮಾಡೆಲಿಂಗ್ ಗುಣಮಟ್ಟದ ಬಗ್ಗೆಯೇ.

ಮಧ್ಯಾಹ್ನದ ಹೊತ್ತಿಗೆ ಸೋತು, ಪೂರ್ವಾಂಕ, ಉತ್ತರಾಂಕ, ಎತ್ತರ ಮತ್ತು ತಿರುವಿನ ಕೋನವನ್ನು ಇಮೇಲ್‌ನಲ್ಲಿ ನಾಲ್ಕು ಸಾಲುಗಳಾಗಿ ಬರೆದು, ದಯವಿಟ್ಟು ನೀವೇ ಕೈಯಾರೆ ತುಂಬಿಕೊಳ್ಳಿ ಎಂದು ಕಳಿಸಿದ್ದೇನೆ. ಮೂರನೆಯ ಸಾಲಿನ ಎತ್ತರ ಸಮುದ್ರಮಟ್ಟದಿಂದಲೋ ನೆಲಮಹಡಿಯಿಂದಲೋ ಎಂದು ಈಗಷ್ಟೇ ಉತ್ತರ ಬಂದಿದೆ.