ಥೈರಾಯ್ಡ್ ರಿಪೋರ್ಟಿನಲ್ಲಿ ಕಾಣದ ಫೆರಿಟಿನ್

ಥೈರಾಯ್ಡ್ ಮಾತ್ರೆ ಶುರುವಾಗಿ ವರ್ಷವಾಗಿರುತ್ತದೆ. ಥೈರಾಯ್ಡಿನ ಹದ ತೋರಿಸುವ ಟಿಎಸ್‌ಎಚ್ 2.5ರ ಆಸುಪಾಸಿನಲ್ಲಿ, ಅಂದರೆ ಸರಿಯಾದ ಮಟ್ಟದಲ್ಲೇ, ನಿಂತಿರುತ್ತದೆ. ಆದರೂ ಎರಡು ಮಹಡಿ ಹತ್ತಿದರೆ ಏದುಸಿರು, ಬಾಚಣಿಗೆ ತುಂಬ ಕೂದಲು, ಮಧ್ಯಾಹ್ನವಾದರೆ ಮಲಗಿಬಿಡೋಣ ಅನ್ನುವ ಸುಸ್ತು. ಆಗ ಹೆಚ್ಚಿನವರು ಮಾತ್ರೆಯ ಡೋಸ್ ಏರಿಸಿ ಅಂತ ಡಾಕ್ಟರ ಬೆನ್ನು ಹತ್ತುತ್ತಾರೆ, ಇಲ್ಲವೇ ರಿಯಾಯಿತಿಯಲ್ಲಿ ಸಿಗುವ ಫುಲ್ ಬಾಡಿ ಪ್ಯಾಕೇಜ್ ಮಾಡಿಸುತ್ತಾರೆ. ಆ ಪ್ಯಾಕೇಜುಗಳಲ್ಲಿ ಎಷ್ಟೋ ಸಲ ಸೀರಂ ಐರನ್ ಇರುತ್ತದೆ, ಫೆರಿಟಿನ್ ಇರುವುದೇ ಇಲ್ಲ. ಎಂಬತ್ತು ಪರೀಕ್ಷೆ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಬೇಕಾದ ಒಂದನ್ನು ಬಿಟ್ಟಿರುತ್ತಾರೆ. ಫೆರಿಟಿನ್ ಇಲ್ಲದ ಐರನ್ ಪರೀಕ್ಷೆ ನನ್ನ ಲೆಕ್ಕದಲ್ಲಿ ಅರ್ಧ ಪರೀಕ್ಷೆ.

ಫೆರಿಟಿನ್ ಅಂದರೆ ದೇಹದ ಕಣಜದಲ್ಲಿರುವ ಕಬ್ಬಿಣದ ದಾಸ್ತಾನು. ಸೀರಂ ಐರನ್ ಅಂದರೆ ಈ ಹೊತ್ತು ರಕ್ತದಲ್ಲಿ ಓಡಾಡುವ ಗಾಡಿಯ ಮೇಲಿರುವ ಹೊರೆ. ಟಿಐಬಿಸಿ ಅಂದರೆ ಇರುವ ಗಾಡಿಗಳೆಲ್ಲ ಸೇರಿ ಎಷ್ಟು ಹೊರಬಲ್ಲವು ಅನ್ನುವ ಲೆಕ್ಕ. ಗಾಡಿಯ ಹೊರೆ ಬೆಳಿಗ್ಗೆಗೊಂದು ಸಂಜೆಗೊಂದು. ಹಿಂದಿನ ರಾತ್ರಿ ಐರನ್ ಮಾತ್ರೆ ನುಂಗಿದ್ದರಂತೂ ಸುಳ್ಳೇ ಏರಿರುತ್ತದೆ. ಅದಕ್ಕೇ ಒಂದು ದಿನ ಮಾತ್ರೆ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಸೀರಂ ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಐರನ್ 42, ಟಿಐಬಿಸಿ 420 ಇದ್ದರೆ ಬರುವುದು ಶೇಕಡ 10. ಇದು ಶೇಕಡ 20ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ ಸಾಲುತ್ತಿಲ್ಲ ಅಂತ ಅನುಮಾನಿಸಬೇಕು.

ಮೊದಲು ಬರಿದಾಗುವುದು ಕಣಜ, ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ಹಾಗಾಗಿ ಹಿಮೋಗ್ಲೋಬಿನ್ 12.3 ಇದ್ದು ಫೆರಿಟಿನ್ 9 ಇರುವ ಹೆಂಗಸಿಗೆ ‘ನಿಮಗೆ ರಕ್ತ ಕಡಿಮೆ ಇಲ್ಲ’ ಅನ್ನುವುದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಲ್ಯಾಬಿನವರು ಹಾಕುವ ಕೆಳಗಿನ ಗೆರೆ ಕೆಲವು ಕಡೆ 10, ಕೆಲವು ಕಡೆ 13. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಹೇಳುವುದು 15. ಬಹಳಷ್ಟು ವೈದ್ಯರು 30ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಮುಗಿಯುತ್ತಿದೆ ಅಂತಲೇ ತಿಳಿಯುತ್ತಾರೆ. ಅಂದಮೇಲೆ 18 ಬಂದು ಪಕ್ಕದಲ್ಲಿ ನಕ್ಷತ್ರದ ಗುರುತಿಲ್ಲ ಅಂತ ಸುಮ್ಮನಿರಬೇಡಿ. ಹಾಗಂತ ಫೆರಿಟಿನ್ 100 ದಾಟಲೇಬೇಕು ಅಂತ ಇಂಟರ್ನೆಟ್ಟಿನಲ್ಲಿ ಹೇಳುವವರ ಮಾತನ್ನೂ ನಂಬಬೇಡಿ. ಅದಕ್ಕೆ ಗಟ್ಟಿ ಆಧಾರವಿಲ್ಲ.

ಇನ್ನೊಂದು ಮೋಸವಿದೆ. ಜ್ವರ, ಸೋಂಕು, ಕೀಲುವಾತ, ಕೊಬ್ಬಿದ ಲಿವರ್, ಇವುಗಳಲ್ಲಿ ಫೆರಿಟಿನ್ ತಾನಾಗಿ ಮೇಲೇರುತ್ತದೆ. ವೈರಲ್ ಜ್ವರ ಬಿಟ್ಟ ವಾರಕ್ಕೇ ಮಾಡಿಸಿದ ಪರೀಕ್ಷೆಯಲ್ಲಿ 60 ಬಂದರೆ ಅದು ಭರವಸೆಯ 60 ಅಲ್ಲ. ಜೊತೆಗೆ ದೇಹದಲ್ಲಿ ಉರಿಯೂತ ಇದೆಯೇ ಅಂತ ಹೇಳುವ ಸಿಆರ್‌ಪಿ ಮಾಡಿಸಿದರೆ ಗುಟ್ಟು ಗೊತ್ತಾಗುತ್ತದೆ.

ಥೈರಾಯ್ಡಿಗೂ ಕಬ್ಬಿಣಕ್ಕೂ ನಂಟು ಎರಡೂ ಕಡೆಯಿಂದ. ಥೈರಾಯ್ಡ್ ಮಂದವಾದರೆ ಎಷ್ಟೋ ಹೆಂಗಸರಿಗೆ ಮುಟ್ಟಿನ ಸ್ರಾವ ಹೆಚ್ಚು, ಕಬ್ಬಿಣ ಹೋಗುವುದೇ ಅಲ್ಲಿ. ಅತ್ತ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಟಿಪಿಒ ಕಿಣ್ವ ಕೆಲಸ ಮಾಡಬೇಕಾದರೆ ಕಬ್ಬಿಣ ಬೇಕು. ಈ ಕಿಣ್ವದ ಮೇಲೆ ದೇಹವೇ ತಿರುಗಿಬಿದ್ದಿರುವ, ಅಂದರೆ ಟಿಪಿಒ ಆ್ಯಂಟಿಬಾಡಿ ಪಾಸಿಟಿವ್ ಇರುವವರಲ್ಲಿ ಜಠರದ ಒಳಪದರವನ್ನೇ ದೇಹ ಹಾಳುಮಾಡಿಕೊಳ್ಳುವ ತೊಂದರೆಯೂ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯೂ ಉಳಿದವರಿಗಿಂತ ಹೆಚ್ಚು. ಮೂರು ತಿಂಗಳು ಸರಿಯಾಗಿ ಮಾತ್ರೆ ತಿಂದರೂ ಫೆರಿಟಿನ್ ಅಲುಗದಿದ್ದರೆ ಇವನ್ನು ಹುಡುಕಬೇಕು. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಫೆರಿಟಿನ್ ಕಡಿಮೆ ಬಂದರೆ ಮಾತ್ರೆ ತಿಂದು ಸುಮ್ಮನಾಗುವ ಹಾಗೇ ಇಲ್ಲ. ಹೊಟ್ಟೆ, ಕರುಳಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ನೋಡಲೇಬೇಕು. ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 65 ಅಂತ ಕಡಿಮೆಯಿದ್ದು, ಕೆಂಪು ಕಣಗಳ ಸಂಖ್ಯೆ ಜಾಸ್ತಿ, ಫೆರಿಟಿನ್ ಚೆನ್ನಾಗಿದೆ ಅಂದರೆ ಅದು ಹುಟ್ಟಿನಿಂದಲೇ ಬರುವ ಥಲಸ್ಸೀಮಿಯಾ ರಕ್ತದೋಷದ ವಾಹಕತ್ವ ಇರಬಹುದು. ಅದನ್ನು ಪತ್ತೆಹಚ್ಚುವ ಎಚ್‌ಬಿ ಎ2 ಪರೀಕ್ಷೆ ಮಾಡಿಸದೆ ಅಂಥವರಿಗೆ ವರ್ಷಗಟ್ಟಲೆ ಐರನ್ ತಿನ್ನಿಸುವುದು ತಪ್ಪು.

ಸುಸ್ತಿಗೆ ಬಿ12 ಕೊರತೆಯೂ ಕಾರಣವಿರಬಹುದು, ಅದನ್ನು ಓದುವುದೂ ಅಷ್ಟು ಸಲೀಸಲ್ಲ. 200ಕ್ಕಿಂತ ಕೆಳಗೆ ಕೊರತೆ, 200ರಿಂದ 300 ಅನುಮಾನದ ಜಾಗ. ಅಲ್ಲಿ ಬಿದ್ದವರಿಗೆ ಕೈಕಾಲು ಜೋಮು, ಮರೆವು, ಉರಿನಾಲಗೆ ಇದ್ದರೆ ಸಂಖ್ಯೆಗಿಂತ ಲಕ್ಷಣಕ್ಕೇ ಬೆಲೆ ಕೊಡಬೇಕು. ಮೆಲ್ಬರ್ನಿನಲ್ಲಿರುವ ಮಗಳು ‘ಅಮ್ಮಾ, ನನ್ನ ಬಿ12 148’ ಅಂದರೆ ಗಾಬರಿಯಾಗುವ ಮೊದಲು ಅಳತೆ ಕೇಳಿ. ಅಲ್ಲಿಯದು ಪಿಕೋಮೋಲ್, ನಮ್ಮ ಪಿಕೋಗ್ರಾಂ ಲೆಕ್ಕದಲ್ಲಿ ಸುಮಾರು 200. ವಿಟಮಿನ್ ಡಿ ಕೂಡ ಹಾಗೆ. ಅಲ್ಲಿಯ 50 ಅಂದರೆ ಇಲ್ಲಿಯ 20.

ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆಯಿದ್ದರೆ ಎಂಸಿವಿ 88 ಅಂತ ಸಭ್ಯವಾಗಿ ಕೂತಿರುತ್ತದೆ! ಆಗ ಕಣಗಳ ಗಾತ್ರದ ಏರುಪೇರು ಹೇಳುವ ಆರ್‌ಡಿಡಬ್ಲ್ಯೂ ನೋಡಿ, ಅದು ಸಾಮಾನ್ಯವಾಗಿ ಏರಿರುತ್ತದೆ. ಬಿ12 ಕಡಿಮೆಯಿದ್ದವರು ಬರೀ ಫೋಲಿಕ್ ಆ್ಯಸಿಡ್ ತಿಂದರೆ ರಕ್ತದ ರಿಪೋರ್ಟ್ ಸುಧಾರಿಸಿ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು, ವರ್ಷಗಳಿಂದ ಗ್ಯಾಸಿನ ಮಾತ್ರೆ ನುಂಗುವವರು, ಹಾಲು ಮೊಸರನ್ನೂ ಅಷ್ಟಾಗಿ ಮುಟ್ಟದ ಸಸ್ಯಾಹಾರಿಗಳು ಬಿ12 ಮಾಡಿಸಲೇಬೇಕು. ಬಿ12 ಮಾತ್ರೆ ಶುರುಮಾಡುವ ಮುಂಚೆಯೇ ಮಾಡಿಸಬೇಕು. ಆಮೇಲೆ ಮಾಡಿಸಿದರೆ ಕಾಣುವುದು ಮಾತ್ರೆಯ ಬಿ12.

ವಿಟಮಿನ್ ಡಿ ಬಗ್ಗೆ ಒಂದೇ ಮಾತು. 60,000 ಯೂನಿಟ್ಟಿನ ಪುಡಿ ವಾರಕ್ಕೊಂದು, ದಿನಕ್ಕೊಂದಲ್ಲ. ದಿನಾ ತಿಂದರೆ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿಗೆ ಪೆಟ್ಟು.

ಕೂದಲು ಉದುರುತ್ತದೆ ಅಂತ ಬಯೋಟಿನ್ ತಿನ್ನುತ್ತಿದ್ದೀರಾ? 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಕೆಲವು ಯಂತ್ರಗಳ ಪರೀಕ್ಷಾ ವಿಧಾನವನ್ನೇ ದಾರಿ ತಪ್ಪಿಸುತ್ತದೆ. ಟಿಎಸ್‌ಎಚ್ ಇಲ್ಲದ ಇಳಿತ ತೋರಿಸುತ್ತದೆ, ಥೈರಾಯ್ಡ್ ಹಾರ್ಮೋನಾದ ಫ್ರೀ ಟಿ4 ಇಲ್ಲದ ಏರಿಕೆ. ಅದನ್ನು ನಂಬಿ ಥೈರಾಯ್ಡ್ ಮಾತ್ರೆ ಜಾಸ್ತಿಯಾಗಿದೆ ಅಂತ ಡೋಸ್ ಇಳಿಸಿದರೆ ಸುಸ್ತು ದುಪ್ಪಟ್ಟು. ಅದೇ ಯಂತ್ರದಲ್ಲಿ ಫೆರಿಟಿನ್ ಕಡಿಮೆ, ಬಿ12 ಮತ್ತು ಡಿ ಹೆಚ್ಚು ಕಾಣಬಹುದು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ. ‘ಹೇರ್ ಸ್ಕಿನ್ ನೈಲ್ಸ್’ ಅಂತ ಬರೆದ ಡಬ್ಬಿಗಳ ಹಿಂದಿನ ಚೀಟಿಯನ್ನೂ ಓದಿ.

ಈಗ ದಿನಚರಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಆರಕ್ಕೆ ಬರೀ ನೀರಿನಲ್ಲಿ, ಕಾಫಿ ಏಳಕ್ಕೆ. ಐರನ್ ಮತ್ತು ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯ ಜೊತೆ ಹೊಟ್ಟೆಯಲ್ಲೇ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ, ಅದಕ್ಕೇ ನಾಲ್ಕು ಗಂಟೆ ಅಂತರ. ಹನ್ನೊಂದಕ್ಕೆ ಐರನ್, ಜೊತೆಗೆ ನಿಂಬೆ ಪಾನಕ. ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆಗಿರಲಿ. ಹೊಟ್ಟೆ ಕೆಟ್ಟರೆ ದಿನ ಬಿಟ್ಟು ದಿನ ತಿನ್ನಬಹುದು. ಒಂದು ಡೋಸ್ ಬಿದ್ದ ಮೇಲೆ ಹೆಪ್ಸಿಡಿನ್ ಅನ್ನುವ ಹಾರ್ಮೋನು ಏರಿ ಮರುದಿನ ಕರುಳಿನ ಬಾಗಿಲು ಅರ್ಧ ಮುಚ್ಚಿರುತ್ತದೆ, ಹಾಗಾಗಿ ನಷ್ಟ ನೀವಂದುಕೊಂಡಷ್ಟಿಲ್ಲ. ಡಬ್ಬಿಯಲ್ಲಿ ನೋಡಬೇಕಾದದ್ದು ಎಲಿಮೆಂಟಲ್ ಐರನ್, ಅಂದರೆ ಅದರಲ್ಲಿರುವ ನಿಜವಾದ ಕಬ್ಬಿಣ, ಎಷ್ಟು ಅನ್ನುವುದನ್ನು. 200 ಮಿಲಿಗ್ರಾಂ ಫೆರಸ್ ಸಲ್ಫೇಟಿನಲ್ಲಿ ಅದು 60ರಿಂದ 65 ಅಷ್ಟೇ. ಮಲ ಕಪ್ಪಾಗುವುದು ಸಹಜ. ಬೀಟ್ರೂಟ್ ಜ್ಯೂಸ್ ಕುಡಿಯುವುದಾದರೆ ಕುಡಿಯಿರಿ, ಬಣ್ಣ ಚೆನ್ನಾಗಿದೆ, 100 ಗ್ರಾಂ ಗಡ್ಡೆಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಮೂ ಇಲ್ಲ.

ತಿಂಗಳಲ್ಲಿ ಹಿಮೋಗ್ಲೋಬಿನ್ ಏರಲು ಶುರುವಾಗಬೇಕು. ಅದು ಸರಿಯಾದ ಮೇಲೂ ಇನ್ನು ಮೂರು ತಿಂಗಳು ಮಾತ್ರೆ ಮುಂದುವರಿಸಿದರಷ್ಟೇ ಕಣಜ ತುಂಬುವುದು. ಬಸುರಿಯರಿಗೆ ಈ ಲೆಕ್ಕವೆಲ್ಲ ಬೇರೆ, ಅವರು ತಡಮಾಡದೆ ಡಾಕ್ಟರನ್ನೇ ಕೇಳಬೇಕು. ಐರನ್ ಶುರುವಾದ ಮೇಲೆ ಟಿಎಸ್‌ಎಚ್ ದಿಢೀರನೆ 7ಕ್ಕೆ ಏರಿತು ಅಂದರೆ ಡೋಸ್ ಏರಿಸುವ ಮೊದಲು ಎರಡು ಮಾತ್ರೆಯ ನಡುವೆ ಎಷ್ಟು ಗಂಟೆ ಬಿಟ್ಟಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಅಂತರ ಸರಿಮಾಡಿ ಆರರಿಂದ ಎಂಟು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ, ಥೈರಾಯ್ಡ್ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಿ. ಚೀಟಿಯಲ್ಲಿ ‘ಐರನ್ ಪ್ರೊಫೈಲ್’ ಅಂತಷ್ಟೇ ಇದ್ದರೆ ಪಕ್ಕದಲ್ಲಿ ಫೆರಿಟಿನ್ ಅಂತ ಬೇರೆಯಾಗಿ ಬರೆಸಿಕೊಳ್ಳಿ.