ಊರಿಗೆ ವಾಪಸ್ ಬರುವ ಆ ಅಧ್ಯಾಯ

ಕಳೆದ ವಾರ ಅಕ್ಕನ ಮಗ ಮೈಸೂರಿನಿಂದ ಮಡಿಕೇರಿಗೆ ಬಂದಿದ್ದ. ಅವನಿಗೆ ಸಿನಿಮಾ ಅಂದ್ರೆ ಪ್ರಾಣ. ಹೊರಗೆ ಬಿಡದೆ ಮಳೆ. ಮೂರು ರಾತ್ರಿ ಕೂತು 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಮೂರೂ ಭಾಗ ನೋಡಿದೆವು. ಕೆಟ್ಟ ಶಕ್ತಿಯ ಒಂದು ಉಂಗುರವನ್ನು ಬೆಂಕಿಗೆ ಹಾಕಿ ನಾಶ ಮಾಡಲು ಹೊರಟವರ ಕತೆ ಅದು. ಕೊನೆಯದು ಮುಗಿದಾಗ ನಾನು, "ಮುಖ್ಯವಾದದ್ದನ್ನೇ ಬಿಟ್ಟುಬಿಟ್ಟಿದ್ದಾರೆ ಕಣೋ" ಅಂದೆ. ಅವನು ನಕ್ಕ. "ಮಾಮ, ಉಂಗುರ ಬೆಂಕಿಗೆ ಬಿದ್ದ ಮೇಲೆ ಕತೆ ಮುಗೀತಲ್ವಾ? ಅದಾದ ಮೇಲೂ ಇಪ್ಪತ್ತು ನಿಮಿಷ ಎಳೆದಿದ್ದಾರೆ. ಇನ್ನೂ ಏನು ಬೇಕು ನಿಮಗೆ?" ಆ ರಾತ್ರಿ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೇನೆ, ನನಗೆ ಆ ಸಿನಿಮಾಗಳ ಮೇಲೆ ತುಂಬಾ ಪ್ರೀತಿ ಇದೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ ಮೂಲ ಪುಸ್ತಕ ಮೂರು ಸಂಪುಟಗಳಲ್ಲಿ 1954 ಮತ್ತು 55ರಲ್ಲಿ ಬಂತು. ಇದನ್ನು ಸಿನಿಮಾ ಮಾಡೋದು ಆಗದ ಕೆಲಸ ಅಂತ ಎಷ್ಟೋ ಜನ ನಂಬಿದ್ದರು. ನಿರ್ದೇಶಕ ಪೀಟರ್ ಜಾಕ್ಸನ್ ಮೂರನ್ನೂ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಶೂಟ್ ಮಾಡಿ, 2001, 2002, 2003ರಲ್ಲಿ ಒಂದೊಂದಾಗಿ ತೆರೆಗೆ ತಂದರು. ಕೊನೆಯದಕ್ಕೆ 11 ಆಸ್ಕರ್ ಬಂತು. ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ ಬೇರೆ. ಕತೆಯ ನಾಯಕರು ಹಾಬಿಟ್ ಅನ್ನೋ ಕುಳ್ಳ ಜನ. ಆ ಹಾಬಿಟ್‌ಗಳ ಊರಿನ ಸೆಟ್ ಅನ್ನು ಅಲ್ಲಿನ ಮಟಮಾಟಾ ಎಂಬ ಊರಿನ ಹತ್ತಿರದ ಒಂದು ಕುರಿ ಫಾರ್ಮಿನಲ್ಲಿ ಹಾಕಿದ್ದರು. ಶೂಟಿಂಗ್‌ಗೆ ಸುಮಾರು ಒಂದು ವರ್ಷ ಮೊದಲೇ ಅಲ್ಲಿ ತರಕಾರಿ, ಹೂವಿನ ಗಿಡ ನೆಟ್ಟು ಬೆಳೆಯಲು ಬಿಟ್ಟರು. ಜನ ಬಾಳಿ ಬದುಕಿದ ಜಾಗದ ಹಾಗೆ ಕಾಣಲಿ ಅಂತ. ಗಿಡ ಬೆಳೆಯಲು ಕಾಯಬೇಕು ಅಂತ ಗೊತ್ತಿರುವವರು ಮಾಡಿದ ಸಿನಿಮಾ ಅದು. ತೋಟದ ಮನೆಯಲ್ಲಿ ಬೆಳೆದ ನನಗೆ ಅದು ದೊಡ್ಡ ಮಾತು.

ಪುಸ್ತಕದಲ್ಲಿ ಇರುವುದೆಲ್ಲ ತೆರೆ ಮೇಲೆ ಬರಬೇಕು ಅಂತ ನಾನು ಹೇಳುತ್ತಿಲ್ಲ. ಕಾಡಿನಲ್ಲಿ ಹಾಡುತ್ತಾ ತಿರುಗುವ ಟಾಮ್ ಬೊಂಬಡಿಲ್‌ನನ್ನು ಪೂರ್ತಿ ಬಿಟ್ಟರು. ಬೇಜಾರಾಗಲಿಲ್ಲ. ಅವನಿಲ್ಲದೆಯೂ ಕತೆ ನಡೆಯುತ್ತದೆ. ನಾನು ಹೇಳುತ್ತಿರುವುದು ಕೊನೆಯ ಭಾಗದ ಒಂದೇ ಒಂದು ಅಧ್ಯಾಯದ ಬಗ್ಗೆ.

ಸಿನಿಮಾದಲ್ಲಿ ನಾಲ್ಕು ಜನ ಹಾಬಿಟ್‌ಗಳು ಯುದ್ಧ ಮುಗಿಸಿ ಊರಿಗೆ ಬಂದಾಗ ಅಲ್ಲಿ ಏನೂ ಬದಲಾಗಿಲ್ಲ. ಅದೇ ಹಸಿರು, ಅದೇ ಪಬ್ಬು. ಪುಸ್ತಕದಲ್ಲಿ ಹಾಗಲ್ಲ. ರಾತ್ರಿ ಹೊತ್ತು ಸೇತುವೆ ಹತ್ತಿರ ಬಂದರೆ, ಮೊಳೆ ಹೊಡೆದ ದೊಡ್ಡ ಗೇಟು ಮುಚ್ಚಿದೆ. ಊರನ್ನು ಯಾರೋ ಹಿಡಿದುಕೊಂಡಿದ್ದಾರೆ. ದಾರಿಯ ಎರಡು ಬದಿಯ ಮರಗಳನ್ನೆಲ್ಲ ಕಡಿದಿದ್ದಾರೆ. ಆ ನಾಲ್ವರಲ್ಲಿ ಒಬ್ಬನಾದ ಸ್ಯಾಮ್‌ನ ಅಪ್ಪ ಇದ್ದ ಬೀದಿಯನ್ನೇ ಅಗೆದು ಮರಳು, ಜಲ್ಲಿಯ ಗುಂಡಿ ಮಾಡಿದ್ದಾರೆ. ಊರವರು ಹಬ್ಬ ಮಾಡುತ್ತಿದ್ದ ಬಯಲಿನ ದೊಡ್ಡ ಮರ ನೆಲಕ್ಕೆ ಬಿದ್ದಿದೆ. ರಾಕ್ಷಸರ ದೇಶವನ್ನೇ ದಾಟಿ ಬಂದ ಸ್ಯಾಮ್, ಆ ಮರ ನೋಡಿ ಅಳುತ್ತಾನೆ. ಆಮೇಲೆ ಊರವರೇ ಎದ್ದು ನಿಲ್ಲುತ್ತಾರೆ. ಆ ಜಗಳದಲ್ಲಿ 19 ಹಾಬಿಟ್‌ಗಳು ಸಾಯುತ್ತಾರೆ.

ಕಾಲೇಜಿನಲ್ಲಿದ್ದಾಗ ಮೊದಲ ಸಲ ಓದಿದ್ದೆ. ಆಗ ನನಗೂ ಅಕ್ಕನ ಮಗನ ಹಾಗೇ ಅನಿಸಿತ್ತು. ಉಂಗುರ ಹೋಯ್ತಲ್ಲ, ಇನ್ನು ಇದೆಲ್ಲ ಯಾಕೆ ಅಂತ ಬೇಗ ಬೇಗ ಪುಟ ತಿರುಗಿಸಿದ್ದೆ.

2018ರ ಆಗಸ್ಟ್ ನಮ್ಮ ಕೊಡಗಿನಲ್ಲಿ ಯಾರೂ ಮರೆಯುವುದಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮುಕ್ಕೋಡ್ಲು. ಬೆಟ್ಟಗಳೇ ಜರಿದು ಬಂದವು. ಚಿಕ್ಕಪ್ಪನ ತೋಟ ಆ ಕಡೆಯೇ ಇತ್ತು. ಮನೆಯವರೆಲ್ಲ ಮೊದಲೇ ಹೊರಟು ಬಂದಿದ್ದರಿಂದ ಉಳಿದರು. ರಸ್ತೆ ತೆರೆದ ಮೇಲೆ ಚಿಕ್ಕಪ್ಪನ ಜೊತೆ ನಾನೂ ಹೋದೆ. ಮನೆಗೆ ತಿರುಗುವ ದಾರಿ ಎಲ್ಲಿ ಅಂತಲೇ ಗೊತ್ತಾಗಲಿಲ್ಲ. ಯಾಕಂದ್ರೆ ನಾವು ಗುರುತು ಇಟ್ಟುಕೊಂಡಿದ್ದು ಹಲಸಿನ ಮರವನ್ನ. ಮರ ಇರಲಿಲ್ಲ. ಕಾಫಿ ಕಣ ಇದ್ದ ಜಾಗದಲ್ಲಿ ಕೆಂಪು ಕೆಸರು, ಬೇರು ಸಮೇತ ಬಿದ್ದ ಸಿಲ್ವರ್ ಓಕ್‌ಗಳು. ಮನೆ ಅರ್ಧ ಹೋಗಿತ್ತು. ಚಿಕ್ಕಪ್ಪ ಮನೆಯನ್ನು ನೋಡಿ ಅಳಲಿಲ್ಲ. ಬಹಳ ಹೊತ್ತು ಸುಮ್ನೆ ನಿಂತು, "ಆ ಹಲಸು ನಮ್ಮಜ್ಜ ನೆಟ್ಟಿದ್ದು ಮಗ" ಅಂದರು. ಆಮೇಲೆ ಅತ್ತರು.

ಆ ವರ್ಷ ಮಳೆ ನಿಂತ ಮೇಲೆ ಪುಸ್ತಕದ ಕೊನೆಯ ಭಾಗವನ್ನು ಮತ್ತೆ ಓದಿದೆ. ಕಡಿದ ಮರದ ಮುಂದೆ ಸ್ಯಾಮ್ ನಿಲ್ಲುವ ಪುಟ ಬಂದಾಗ ಮುಂದೆ ಓದಲು ಆಗಲಿಲ್ಲ. ಆ ಪುಟವನ್ನು ಸುಮ್ನೆ ಕಲ್ಪನೆಯಿಂದ ಬರೆಯೋಕೆ ಆಗಲ್ಲ ಅನಿಸಿತು. ಟೋಲ್ಕಿನ್ ಚಿಕ್ಕವರಿದ್ದಾಗ ಬರ್ಮಿಂಗ್‌ಹ್ಯಾಮ್ ಹತ್ತಿರ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಕೆಲವು ವರ್ಷ ಇದ್ದರು. ತನಗೆ ಹತ್ತು ವರ್ಷ ತುಂಬುವ ಮೊದಲೇ ಆ ಸೀಮೆ ಹಾಳಾಗತೊಡಗಿತ್ತು ಅಂತ ಅವರೇ ಪುಸ್ತಕದ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಬರೆದಿದ್ದಾರೆ. ಊರಿಗೆ ಮರಳುವ ಈ ಅಧ್ಯಾಯ ಕತೆಗೆ ಬೇಕೇ ಬೇಕು, ಮೊದಲಿನಿಂದಲೂ ಮನಸ್ಸಿನಲ್ಲಿ ಇತ್ತು ಅಂತಲೂ ಅಲ್ಲೇ ಹೇಳಿದ್ದಾರೆ.

ಸಿನಿಮಾದವರ ಕಷ್ಟ ನನಗೆ ಅರ್ಥವಾಗುತ್ತದೆ. ಮೂರನೇ ಭಾಗ ಆಗಲೇ ಮೂರು ಗಂಟೆ ಇಪ್ಪತ್ತು ನಿಮಿಷ. ದೊಡ್ಡ ಯುದ್ಧ ಮುಗಿದ ಮೇಲೆ ಇನ್ನೊಂದು ಸಣ್ಣ ಜಗಳ ತೋರಿಸಿದರೆ ಜನ ಎದ್ದು ಹೋಗಬಹುದು. ಆದರೆ ಇದು ಬರೀ ಟೈಮಿನ ಪ್ರಶ್ನೆ ಅಂತ ನನಗೆ ಅನಿಸಲ್ಲ. ಅದೇ ಲೇಖಕರ 'ದಿ ಹಾಬಿಟ್' ಮಕ್ಕಳಿಗೆ ಬರೆದ ಒಂದೇ ಒಂದು ಚಿಕ್ಕ ಪುಸ್ತಕ. 2012ರಿಂದ 14ರ ತನಕ ಅದನ್ನು ಮೂರು ಸಿನಿಮಾ ಮಾಡಿದರು. ಯುದ್ಧಕ್ಕೆ ಬೇಕಾದಷ್ಟು ಜಾಗ ಸಿಕ್ಕಿತು. ಸಾಹಸ ಅಂದ್ರೆ ಹೋಗೋದು, ಹೊಡೆಯೋದು, ಗೆಲ್ಲೋದು ಅಂತಲೇ ದೊಡ್ಡ ಸಿನಿಮಾಗಳು ಅಂದುಕೊಂಡಿವೆ. ಗೆದ್ದು ಬಂದವನು ತನ್ನ ಊರಿನಲ್ಲೇ ದಾರಿ ತಪ್ಪಿ ನಿಲ್ಲೋದು ಸಾಹಸದ ಲೆಕ್ಕಕ್ಕೇ ಬರೋದಿಲ್ಲ.

ಇನ್ನೊಂದು ವಿಷಯ ಇದೆ. ನನಗೆ ಜಾಸ್ತಿ ನೋವಾಗಿದ್ದು ಇದೇ. ಪುಸ್ತಕದಲ್ಲಿ ಕಾಡಿನ ರಾಣಿ ಗಲಾಡ್ರಿಯಲ್, ತೋಟದ ಕೆಲಸದವನಾದ ಸ್ಯಾಮ್‌ಗೆ ಒಂದು ಚಿಕ್ಕ ಡಬ್ಬಿ ಕೊಡುತ್ತಾಳೆ. ಒಳಗೆ ಅವಳ ಹಣ್ಣಿನ ತೋಟದ ಮಣ್ಣು, ಒಂದು ಬೀಜ. ಅದನ್ನು ಅವನು ಕೊನೆತನಕ ಕಾಪಾಡಿಕೊಂಡು ಬರುತ್ತಾನೆ. ಸಿನಿಮಾದಲ್ಲಿ ಆ ಡಬ್ಬಿಯೇ ಇಲ್ಲ. ಉದ್ದದ ಆವೃತ್ತಿಯಲ್ಲಿ ಅವನಿಗೆ ಸಿಗುವುದು ಹಗ್ಗ. ಊರು ಹಾಳಾಗದಿದ್ದರೆ ಮಣ್ಣು ಯಾಕೆ ಬೇಕು, ಅಲ್ವಾ? ಒಂದು ಅಧ್ಯಾಯ ತೆಗೆದರೆ ನೂರಾರು ಪುಟ ಹಿಂದಿನ ಒಂದು ಉಡುಗೊರೆಯೂ ಹೋಗುತ್ತದೆ. ಕಾದಂಬರಿಯನ್ನು ಸಿನಿಮಾ ಮಾಡುವವರು ಕತ್ತರಿ ಹಿಡಿಯುವ ಮೊದಲು ಈ ಬೇರು ಎಲ್ಲಿಯ ತನಕ ಹೋಗಿದೆ ಅಂತ ನೋಡಬೇಕು.

ಚಿಕ್ಕಪ್ಪನ ಮನೆಯವರು ಈಗ ಬೇರೆ ಕಡೆ ಇದ್ದಾರೆ. ಆದರೂ ಉಳಿದ ತುಂಡು ಜಾಗಕ್ಕೆ ಅವರು ಈಗಲೂ ಹೋಗುತ್ತಾರೆ. ಹಾಲವಾಣದ ಗೂಟ ನೆಟ್ಟಿದ್ದಾರೆ. ಅವು ಚಿಗುರಿ ನೆರಳು ಕೊಟ್ಟವು. ಅದರಡಿ ಕಾಫಿ ಹಾಕಿದ್ದಾರೆ. ಹಲಸಿನ ಗಿಡವೂ ಒಂದು ಇದೆ, ನನ್ನ ಸೊಂಟದ ಎತ್ತರಕ್ಕೆ ಬಂದಿದೆ.

ಮುಂದೆ ಯಾರಾದರೂ ಈ ಪುಸ್ತಕವನ್ನು ಮತ್ತೆ ಸಿನಿಮಾ ಮಾಡಿದರೆ ನನಗೆ ಹತ್ತು ನಿಮಿಷ ಸಾಕು. ಸ್ಯಾಮ್ ಮೊಣಕಾಲೂರಿ ಕೂತು, ನೆಟ್ಟ ಒಂದೊಂದು ಗಿಡದ ಬುಡಕ್ಕೂ ಆ ಡಬ್ಬಿಯಿಂದ ಒಂದೊಂದು ಕಾಳಿನಷ್ಟು ಮಣ್ಣು ಹಾಕುತ್ತಾ ಹೋಗಬೇಕು. ಸಂಗೀತ ಬೇಡ, ಯಾರೂ ಮಾತಾಡೋದು ಬೇಡ. ಹಿಂದೆ ಆ ಮರಳಿನ ಗುಂಡಿ ಕಾಣುತ್ತಿರಲಿ.